ಓಡುವ ಮಗುವಿನ ಹಿಮ್ಮಡಿ

ಶಾಲೆಯ ಕ್ರೀಡಾಕೂಟಕ್ಕೆ ಹದಿನೈದು ದಿನವಿದೆ ಎನ್ನುವಾಗ ಮಗಳು ಸಂಜೆ ಕುಂಟುತ್ತಾ ಬಂದು ‘ಅಮ್ಮಾ, ಹಿಮ್ಮಡಿ ನೋಯ್ತಿದೆ’ ಅನ್ನುತ್ತಾಳೆ. ಮನೆಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಎರಡು. ‘ಬೆಳೆಯೋ ವಯಸ್ಸು, ಸರಿಹೋಗುತ್ತೆ ಬಿಡು’ ಎನ್ನುವುದು ಒಂದು. ‘ಒಳ್ಳೇ ಶೂ ಕೊಡಿಸೋಣ’ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಅರ್ಧ ಸತ್ಯವಿದೆ. ಎರಡನೆಯದರಲ್ಲಿ ಅಷ್ಟೂ ಇಲ್ಲ.

ಸುಮಾರು 8ರಿಂದ 14 ವರ್ಷದ ಮಕ್ಕಳಲ್ಲಿ ಹಿಮ್ಮಡಿ ಮೂಳೆಯ ಹಿಂಭಾಗ ಇನ್ನೂ ಬೆಳೆಯುತ್ತಿರುತ್ತದೆ. ಅಲ್ಲಿ ಮೂಳೆಯ ಎರಡು ಭಾಗಗಳ ನಡುವೆ ಮೃದ್ವಸ್ಥಿಯ ತೆಳುಪದರವಿದೆ. ಮೀನಖಂಡದಿಂದ ಇಳಿದು ಬರುವ ಅಕಿಲಿಸ್ ಸ್ನಾಯುರಜ್ಜು ಹಿಡಿದುಕೊಂಡಿರುವುದು ಇದೇ ಜಾಗವನ್ನು. ಮಗು ಎತ್ತರ ಬೆಳೆಯುವ ವೇಗಕ್ಕೆ ಸ್ನಾಯು ಉದ್ದವಾಗದೆ ಬಿಗಿಯಾಗುತ್ತದೆ. ಅದರ ಮೇಲೆ ಓಟ, ಜಿಗಿತ. ಪ್ರತಿ ಹೆಜ್ಜೆಗೂ ಆ ಪದರ ಜಗ್ಗಿಸಿಕೊಂಡು ಕೆರಳುತ್ತದೆ. 1912ರಲ್ಲಿ ಇದನ್ನು ವಿವರಿಸಿದ ಅಮೆರಿಕದ ವೈದ್ಯ ಜೇಮ್ಸ್ ಸೀವರ್ ಹೆಸರಿನಿಂದ ಇದಕ್ಕೆ ಸೀವರ್ ಕಾಯಿಲೆ ಎನ್ನುತ್ತಾರೆ. ಕಾಯಿಲೆ ಎಂಬ ಮಾತಿಗೆ ಹೆದರಬೇಡಿ. ಮೂಳೆ ಬಲಿತು ಕೂಡಿಕೊಂಡ ಮೇಲೆ ಈ ನೋವು ಮರಳುವುದಿಲ್ಲ. ಹಾಗೆಂದು ಅಲ್ಲಿಯವರೆಗೆ ಹಲ್ಲು ಕಚ್ಚಿಸಿ ಓಡಿಸುವುದೂ ತರವಲ್ಲ. ಹಿಮ್ಮಡಿಯ ಎರಡೂ ಪಕ್ಕವನ್ನು ಒಟ್ಟಿಗೆ ಒತ್ತಿದಾಗ ಮಗು ಮುಖ ಕಿವಿಚಿದರೆ ಬಹುಮಟ್ಟಿಗೆ ಇದೇ ಕಾರಣ. ಓಟ ಕಡಿಮೆ ಮಾಡಿ, ಐಸ್ ಇಟ್ಟು, ಮೀನಖಂಡ ಹಿಗ್ಗಿಸುವ ವ್ಯಾಯಾಮ ಮಾಡಿಸಿ, ಶೂ ಒಳಗೆ ಹಿಮ್ಮಡಿಯಡಿ ಮೆತ್ತೆ ಹಾಕಿದರೆ ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಮೈದಾನಕ್ಕೆ ಮರಳುತ್ತಾರೆ.

ಇನ್ನು ಶೂ ವಿಚಾರ. ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲೇ ಮ್ಯಾರಥಾನ್ ಗೆದ್ದರು. 1964ರಲ್ಲಿ ಟೋಕಿಯೊದಲ್ಲಿ ಮತ್ತೆ ಗೆದ್ದಾಗ ಕಾಲಲ್ಲಿ ಶೂ ಇತ್ತು. ಹಾಗಾದರೆ ಯಾವುದು ಸರಿ? ಬರಿಗಾಲಲ್ಲಿ ಓಡಿ ಬೆಳೆದವರು ಹೆಚ್ಚಾಗಿ ಮುಂಗಾಲೂರಿ ಓಡುತ್ತಾರೆ, ಹಿಮ್ಮಡಿಗೆ ಧಡ್ಡನೆ ಬೀಳುವ ಪೆಟ್ಟು ಅವರಿಗೆ ತಪ್ಪುತ್ತದೆ ಎಂದು 2010ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ ತೋರಿಸಿತು. ಅದನ್ನು ಕೇಳಿ ಶೂ ಬಿಸಾಡಿದವರೂ ಉಂಟು! ಆದರೆ ಮುಂಗಾಲೂರಿದರೆ ಭಾರ ಬೀಳುವುದು ಮೀನಖಂಡಕ್ಕೆ, ಅದೇ ಅಕಿಲಿಸ್‌ಗೆ. ಹಿಮ್ಮಡಿ ನೋಯುವ ಮಗುವಿಗೆ ಇದು ಹೊಂದದು. 2013ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಹತ್ತೇ ವಾರಗಳಲ್ಲಿ ತೆಳು ಅಡಿಯ ಶೂಗೆ ಬದಲಾದ ಹಲವರ ಪಾದದ ಮೂಳೆಗಳೊಳಗೆ ಊತ ಕಂಡಿತು. ಬರಿಗಾಲಾಗಲಿ, ಶೂ ಆಗಲಿ, ಪಾದ ಸಹಿಸದಿರುವುದು ದಿಢೀರ್ ಬದಲಾವಣೆಯನ್ನು. ವರ್ಷವಿಡೀ ಬೆಂಚಿನ ಮೇಲೆ ಕುಳಿತ ಮಗುವನ್ನು ಕ್ರೀಡಾಕೂಟದ ಹಿಂದಿನ ಎರಡು ವಾರ ಕಾಂಕ್ರೀಟ್ ಅಂಗಳದಲ್ಲಿ ಬೆಳಿಗ್ಗೆ ಸಂಜೆ ಓಡಿಸುವುದೂ ಅಂಥದೇ.

ಓಡುವಾಗ ಕಾಲನ್ನು ಮೈಗಿಂತ ಬಹಳ ಮುಂದೆ ಚಾಚುವುದು ಬೇಡ. ಹೆಜ್ಜೆ ತುಸು ಚಿಕ್ಕದಾಗಿ, ಚುರುಕಾಗಿ ಬಿದ್ದರೆ ಮೊಣಕಾಲಿನ ಹೊರೆ ಇಳಿಯುತ್ತದೆ.

ಶೂ ಕೊಳ್ಳಲು ಸಂಜೆ ಹೋಗಿ, ಆಗ ಪಾದ ಸ್ವಲ್ಪ ಉಬ್ಬಿರುತ್ತದೆ. ಮಗು ಎದ್ದು ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಬೇಕು. ಬಗ್ಗಿಸಿದರೆ ಶೂ ಬೆರಳುಗಳ ಬುಡದಲ್ಲಿ ಬಾಗಬೇಕೇ ಹೊರತು ನಡುವೆ ಅಲ್ಲ. ‘ಎರಡು ವರ್ಷ ಬರಲಿ’ ಎಂದು ದೊಡ್ಡದನ್ನು ಕೊಳ್ಳುವುದು, ಅಣ್ಣನ ಸವೆದ ಶೂ ತಮ್ಮನಿಗೆ ಕೊಡುವುದು ನಮ್ಮೆಲ್ಲರ ಮನೆಯ ಲೆಕ್ಕಾಚಾರ. ನಡೆದಾಡಲು ಹೇಗೋ ಆದೀತು, ಓಟಕ್ಕಾಗದು.

ರಾತ್ರಿ ನಿದ್ದೆಗೆಡಿಸುವ ನೋವು, ಊತ, ಮೂಳೆಯ ಒಂದೇ ಜಾಗ ಮುಟ್ಟಿದರೆ ಚುಚ್ಚಿದಂತಾಗುವುದು, ಇವು ಬೇರೆ ಸಂಗತಿ. ತಡಮಾಡದೆ ಮೂಳೆತಜ್ಞರನ್ನು ಕಾಣಿ. ಸತತ ಓಟದಿಂದ ಮೂಳೆಯಲ್ಲಿ ಬಿಡುವ ಕೂದಲೆಳೆಯಂಥ ಬಿರುಕು ಮೊದಲ ಕೆಲವು ವಾರ ಎಕ್ಸ್-ರೇಯಲ್ಲಿ ಕಾಣದೇ ಇರಬಹುದು. ಎಕ್ಸ್-ರೇ ಸರಿಯಿದೆ ಎಂದ ಮಾತ್ರಕ್ಕೆ ಮರುದಿನವೇ ಮಗುವನ್ನು ಓಟಕ್ಕೆ ಕಳಿಸಬೇಡಿ.