ಕ್ರೀಡಾಭಾಂಡಾರವೂ ಅದರ ಪಾಲಕನೂ

ಕಲ್ಯಾಣದ ಚಾಲುಕ್ಯಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಕ್ರಿ. ಶ. 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಐದು ವಿಂಶತಿಗಳಾಗಿ ವಿಭಾಗಿಸಲ್ಪಟ್ಟಿರುವುದು ವಿದ್ವಾಂಸರಿಗೆ ತಿಳಿದೇ ಇದೆ. ಅವುಗಳಲ್ಲಿ ಕಡೆಯದಕ್ಕೆ ಕ್ರೀಡಾವಿಂಶತಿಯೆಂದು ಹೆಸರು. ಚತುರಂಗ, ಪಾಶಕ, ವರಾಟಕ, ಫಂಜಿಕೆ ಮೊದಲಾದ ಆಟಗಳನ್ನು ರಾಜನೀತಿ, ಕೋಶ, ದುರ್ಗಗಳನ್ನು ಕುರಿತು ಹೇಳಿದ ಲೇಖನಿಯೇ ಅಷ್ಟೇ ಆದರದಿಂದ ವರ್ಣಿಸಿದೆ. ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ 1925, 1939 ಮತ್ತು 1961ರಲ್ಲಿ ಇದರ ಮೂರು ಸಂಪುಟಗಳು ಮುದ್ರಿತವಾದುವು. ಗ್ರಂಥವು ದೊರೆಯಿತು; ಪಾಠವು ಪರಿಷ್ಕೃತವಾಯಿತು. ಆದರೂ ಫಂಜಿಕಾಕ್ರೀಡೆಯ ಹೆಸರನ್ನು ಕೇಳಿದರೆ ಇಂದಿನ ಆಟಗಾರನು ಬೆರಗಾಗುವನೇ ಹೊರತು ಆಡಲು ಕುಳಿತುಕೊಳ್ಳನು.

ಇದಕ್ಕೆ ವಿಪರೀತವಾದ ಉದಾಹರಣೆಯು ಹಂಪೆಯಲ್ಲಿದೆ. ಅಲ್ಲಿಯ ಮಂಟಪಗಳ ಹಾಸುಗಲ್ಲುಗಳ ಮೇಲೆ ಆಡುಹುಲಿಯೇ ಮೊದಲಾದ ಆಟಗಳ ಮನೆಗಳು ಕೊರೆಯಲ್ಪಟ್ಟಿವೆ. ಮನೆಯುಂಟು, ಶಾಸ್ತ್ರವಿಲ್ಲ, ಕೊರೆದವನಾರು, ಯಾವ ಕಟ್ಟಳೆಯಿಂದ ಆಡಿದನು ಎಂಬುದನ್ನು ಕಲ್ಲು ಹೇಳದು. ಇನ್ನು ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯದಾದ ಕೌತುಕನಿಧಿಯಲ್ಲಿ ಆಟಗಳನ್ನು ಸಚಿತ್ರವಾಗಿ ಬರೆಯಿಸಿದರು, ಛದವೆಂಬ ಗಂಜೀಫೆಯ ಪ್ರಭೇದಗಳನ್ನೂ ಕಲ್ಪಿಸಿದರು. ಚಿತ್ರವೂ ಉಳಿದಿದೆ, ಎಲೆಗಳೂ ಅಲ್ಲಲ್ಲಿ ಉಳಿದಿವೆ; ಸಂಜೆ ದೀಪ ಹಚ್ಚಿ ಅವನ್ನು ಹಂಚಿ ಆಡುವ ಮನೆಗಳು ಮಾತ್ರ ಉಳಿಯಲಿಲ್ಲ. ಬೆಳಗಾವಿಯಿಂದ ಘಟ್ಟವಿಳಿದರೆ ಸಿಕ್ಕುವ ಸಾವಂತವಾಡಿಯಲ್ಲಿ ಗಂಜೀಫೆಯ ಎಲೆಗಳನ್ನು ಇಂದಿಗೂ ಬರೆಯುತ್ತಾರೆ. ಆದರೆ ಕೊಳ್ಳುವವರಲ್ಲಿ ಹೆಚ್ಚಿನವರು ಅವನ್ನು ಗೋಡೆಗೆ ತೂಗುಹಾಕುವವರು.

ಈ ಮೂರು ನಿದರ್ಶನಗಳಿಂದ ಒಂದು ಸಂಗತಿಯು ಸಿದ್ಧವಾಗುತ್ತದೆ. ಆಟಕ್ಕೆ ಸಾಧನ, ನಿಯಮ, ಪ್ರಯೋಗ ಎಂದು ಮೂರು ಅಂಗಗಳು. ಕಾವ್ಯವಾದರೋ ಓಲೆಯೊಂದು ಉಳಿದರೆ ಸಾಕು, ಸಹೃದಯನು ಎಂದಾದರೂ ಹುಟ್ಟುವನು. ಆಟವು ಹಾಗಲ್ಲ, ಮೂರರಲ್ಲಿ ಒಂದು ಲೋಪವಾದರೂ ಉಳಿದೆರಡು ಮೂಕವಾಗುತ್ತವೆ. ಆದುದರಿಂದ ಆಟಗಳನ್ನು ಭಾಂಡಾರದಲ್ಲಿಟ್ಟು ಕಾಯುವವನ ಕೆಲಸವು ಪುಸ್ತಕಗಳನ್ನು ಕಾಯುವವನ ಕೆಲಸಕ್ಕಿಂತ ಕಷ್ಟತರವಾದುದು. ವಿಡಿಯೊ ಆಟಗಳ ಅಧ್ಯಯನವು ವಿಶ್ವವಿದ್ಯಾಲಯಗಳಲ್ಲಿ ಶಾಸ್ತ್ರವಾಗಿ ನೆಲೆಗೊಂಡಿರುವ ಈ ಕಾಲದಲ್ಲಿ ಆ ಕಷ್ಟದ ಸ್ವರೂಪವನ್ನು ಸಾಹಿತ್ಯದ ಉಪಾಧ್ಯಾಯರೂ ಅರಿಯಬೇಕಾಗಿದೆ. ಏಕೆಂದರೆ ಅದಕ್ಕೆ ಬೇಕಾದ ಉಪಾಯಗಳಲ್ಲಿ ಬಹುಭಾಗವು ಹಸ್ತಪ್ರತಿಶಾಸ್ತ್ರಕ್ಕೆ ಸೇರಿದುದು.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿರುವ ಉದ್ಯಮಬಾಗವು ಫೌಂಡ್ರಿಗಳಿಗೆ ಪ್ರಸಿದ್ಧವಾದ ಪ್ರದೇಶ. ಅಲ್ಲಿಯೇ ಕರ್ನಾಟಕ ಕಾನೂನು ಸಂಸ್ಥೆಯು 1979ರಲ್ಲಿ ಸ್ಥಾಪಿಸಿದ ಗೋಗಟೆ ತಾಂತ್ರಿಕ ವಿದ್ಯಾಲಯವೂ ಇದೆ. ಒಂದು ಕಡೆ ಎರಕದ ಕೆಲಸ, ಇನ್ನೊಂದು ಕಡೆ ಕಂಪ್ಯೂಟರ್ ವಿದ್ಯೆಯ ಪಾಠ. ಇವೆರಡರ ಸಾಮೀಪ್ಯವು ಪ್ರಕೃತ ವಿಷಯಕ್ಕೆ ಉಪಯುಕ್ತವಾದ ದೃಷ್ಟಾಂತವನ್ನು ಒದಗಿಸುತ್ತದೆ. ಫೌಂಡ್ರಿಯಲ್ಲಿ ಮೊದಲು ಮರದಿಂದಲೋ ಲೋಹದಿಂದಲೋ ಪ್ಯಾಟರ್ನ್ ಮಾಡುವರು; ಅದನ್ನು ಮರಳಿನಲ್ಲಿ ಒತ್ತಿ ತೆಗೆದು, ಉಂಟಾದ ಪೊಳ್ಳಿಗೆ ಕರಗಿದ ಲೋಹವನ್ನು ಹೊಯ್ಯುವರು. ಲೋಹವು ಆರಿದಾಗ ಕುಗ್ಗುವುದರಿಂದ ಪ್ಯಾಟರ್ನನ್ನು ಬೇಕಾದ ಅಳತೆಗಿಂತ ತುಸು ದೊಡ್ಡದಾಗಿ ಮಾಡಬೇಕು. ಬೀಡಿಗೆ ಒಂದು ಲೆಕ್ಕ, ಉಕ್ಕಿಗೆ ಮತ್ತೊಂದು. ಯಾವ ಲೋಹಕ್ಕೆಂದು ಬರೆದಿಡದ ಪ್ಯಾಟರ್ನು ಕಪಾಟಿನಲ್ಲಿ ಎಷ್ಟು ಜೋಪಾನವಾಗಿದ್ದರೂ ಮುಂದಿನ ಕೆಲಸಗಾರನನ್ನು ದಾರಿತಪ್ಪಿಸುವುದು. ವಿಡಿಯೊ ಆಟದ ಪ್ರೋಗ್ರಾಂ ಇಂಥ ಪ್ಯಾಟರ್ನು. ಯಂತ್ರವೂ ಪರದೆಯೂ ಆಡುವವನ ಕೈಯೂ ಸೇರಿದಾಗ ಪ್ರತಿಬಾರಿಯೂ ಹೊಸದಾಗಿ ಹೊಯ್ಯಲ್ಪಡುವುದೇ ಆಟ. ಭಾಂಡಾರಕ್ಕೆ ಬರುವುದು ಪ್ಯಾಟರ್ನು ಮಾತ್ರ.

ಅಮೆರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1962ರಲ್ಲಿ ‘ಸ್ಪೇಸ್‌ವಾರ್’ ಎಂಬ ಆಟವು ಪಿ.ಡಿ.ಪಿ.-1 ಎಂಬ ಯಂತ್ರದ ಮೇಲೆ ಆಡಲ್ಪಟ್ಟಿತು. ಇಂದು ಅದನ್ನು ಯಥಾಸ್ಥಿತಿಯಲ್ಲಿ ನೋಡಬೇಕೆಂಬವನು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ನಗರದ ಕಂಪ್ಯೂಟರ್ ಇತಿಹಾಸದ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿ ಆ ಜಾತಿಯ ಯಂತ್ರವೊಂದನ್ನು ದುರಸ್ತಿಮಾಡಿ ನಡೆಯಿಸುತ್ತಾರೆ. ಸ್ಟೀವನ್ ಕ್ಯಾಬ್ರಿನೆಟಿ ಎಂಬವನು ಕೂಡಿಸಿದ ಸಾವಿರಾರು ಆಟಗಳು ಅವನು 1995ರಲ್ಲಿ ತೀರಿಕೊಂಡ ಬಳಿಕ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಸೇರಿದುವು. ಮಿಶಿಗನ್ ವಿಶ್ವವಿದ್ಯಾಲಯವು 2008ರಲ್ಲಿ ಆಟಗಳ ಭಾಂಡಾರವನ್ನೇ ತೆರೆಯಿತು. ಇಂಥ ಕಡೆಗಳಲ್ಲಿ ಗ್ರಂಥಪಾಲಕನು ಆಟವನ್ನು ಸಂಶೋಧಕನ ಕೈಗಿತ್ತು ಸುಮ್ಮನಿರುವಂತಿಲ್ಲ. ಪುಸ್ತಕವಾದರೆ ಪುಟ ತೆರೆದು ಬೇಕಾದ ವಾಕ್ಯವನ್ನು ಓದಬಹುದು. ಆಟದ ಕಡೆಯ ಪ್ರಕರಣವನ್ನು ನೋಡಬೇಕಾದರೆ ನಲವತ್ತು ಗಂಟೆ ಆಡಿ ಗೆಲ್ಲಬೇಕಾದೀತು. ಪ್ರೌಢ ವಿದ್ವಾಂಸನ ಬೆರಳುಗಳು ಅದಕ್ಕೆ ಒಪ್ಪದಿರಬಹುದು. ಅಂಥವನಿಗಾಗಿ ಆಟದ ನಡುನಡುವಣ ಸ್ಥಿತಿಗಳನ್ನು ಮೊದಲೇ ಉಳಿಸಿಟ್ಟು, ಬೇಕಾದ ಸ್ಥಾನದಿಂದ ಪ್ರಾರಂಭಿಸುವ ಅನುಕೂಲವನ್ನು ಮಾಡಿಕೊಡುವುದೂ ಪಾಲಕನ ಕೆಲಸವೇ.

ಯಂತ್ರವು ಕೆಟ್ಟು ಬಿಡಿಭಾಗಗಳೂ ಸಿಕ್ಕದೆಹೋದರೆ ಗತಿಯೇನು? ಇಲ್ಲಿ ಮೈಸೂರಿನ ಒಂದು ಪ್ರಸಂಗವನ್ನು ಸ್ಮರಿಸಬಹುದು. 1891ರಲ್ಲಿ ಸ್ಥಾಪಿತವಾದ ಅಲ್ಲಿಯ ಪ್ರಾಚ್ಯಗ್ರಂಥಾಲಯಕ್ಕೆ ಕೌಟಿಲ್ಯನ ಅರ್ಥಶಾಸ್ತ್ರವು ತಂಜಾವೂರು ಸೀಮೆಯಿಂದ ಗ್ರಂಥಲಿಪಿಯ ಓಲೆಗಳಲ್ಲಿ ಬಂದಿತು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಆ ಲಿಪಿಯನ್ನು ಬಲ್ಲವರಾಗಿದ್ದರಿಂದ 1909ರಲ್ಲಿ ಅದನ್ನು ಪ್ರಕಟಿಸಿದರು. ಓಲೆಯು ಮಾತ್ರ ಇದ್ದು ಲಿಪಿಯನ್ನು ಬಲ್ಲವನಿಲ್ಲದಿದ್ದರೆ ಅರ್ಥಶಾಸ್ತ್ರವು ಕಪಾಟಿನ ತಾಳೆಗರಿಯಾಗಿಯೇ ಇರುತ್ತಿತ್ತು. ವಿಡಿಯೊ ಆಟಕ್ಕೆ ಯಂತ್ರವೇ ಲಿಪಿ. ಹಳೆಯ ಯಂತ್ರದ ವ್ಯಾಪಾರವನ್ನೆಲ್ಲ ಹೊಸ ಯಂತ್ರದಲ್ಲಿ ಅನುಕರಿಸುವ ಪ್ರೋಗ್ರಾಂಗಳನ್ನು ರಚಿಸಿದ್ದಾರೆ. ಅವಕ್ಕೆ ಎಮ್ಯುಲೇಟರ್ ಎಂದು ಹೆಸರು. ಇದು ಲಿಪ್ಯಂತರಕ್ಕೆ ಸಮಾನವಾದ ಉಪಾಯ. ಲಿಪ್ಯಂತರದಲ್ಲಿರುವ ದೋಷವೇ ಇದರಲ್ಲಿಯೂ ಇದೆ. ಹಳೆಯ ದೂರದರ್ಶನಪೆಟ್ಟಿಗೆಯ ಉಬ್ಬುಗಾಜಿನ ಮೇಲೆ ಬಣ್ಣಗಳು ಒಂದರೊಳಗೊಂದು ಬೆರೆಯುತ್ತಿದ್ದುವು. ಚಿತ್ರಕಾರರು ಅದನ್ನರಿತೇ ಚುಕ್ಕೆಗಳನ್ನಿಟ್ಟಿದ್ದರು. ಇಂದಿನ ಚಪ್ಪಟೆ ಪರದೆಯಲ್ಲಿ ಅದೇ ಚಿತ್ರವು ಗರಗಸದ ಹಲ್ಲಿನಂತೆ ಕಾಣುತ್ತದೆ. ಆಟವನ್ನು ಯಾವ ಪರದೆಯ ಮೇಲೆ ನೋಡಿದೆನೆಂದು ಬರೆಯದ ಸಂಶೋಧಕನ ವರ್ಣನೆಯು, ಯಾವ ಪ್ರತಿಯನ್ನು ನೋಡಿದೆನೆಂದು ಹೇಳದ ಸಂಪಾದಕನ ಪಾಠದಂತೆ, ಸಂಶಯಾಸ್ಪದವಾದುದು.

ಪ್ರತಿಮಾಡುವಾಗಿನ ಎಚ್ಚರಿಕೆಯೂ ಪಂಡಿತರಿಗೆ ಹೊಸದಲ್ಲ. ಲಿಪಿಕಾರರು ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ, ಪ್ರತಿಯ ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದರು. ಕೂಲಿಯ ಲೆಕ್ಕಕ್ಕೂ ಆಯಿತು, ಲೋಪವನ್ನು ಕಂಡುಹಿಡಿಯುವುದಕ್ಕೂ ಆಯಿತು. ವೇದಪಾಠಿಗಳ ಕ್ರಮ, ಜಟೆ, ಘನಗಳು ಅದೇ ಉದ್ದೇಶದ ಇನ್ನೂ ಸೂಕ್ಷ್ಮವಾದ ಕಟ್ಟುಪಾಡುಗಳು. ಕ್ರೀಡಾಭಾಂಡಾರದಲ್ಲಿ ಪ್ರತಿಯೊಂದು ಕಡತದ ಸಮಸ್ತ ಅಂಕಗಳಿಂದಲೂ ಗಣಿಸಿ ತೆಗೆದ ಒಂದು ಚಿಕ್ಕ ಸಂಖ್ಯೆಯನ್ನು ಪಟ್ಟಿಯಲ್ಲಿ ಬರೆದಿಡುವರು. ಕಂಪ್ಯೂಟರ್ ಬಲ್ಲವರು ಅದನ್ನು ಚೆಕ್‌ಸಮ್ ಎನ್ನುವರು. ವರ್ಷಾಂತರದಲ್ಲಿ ಮತ್ತೆ ಗಣಿಸಿದಾಗ ಅದೇ ಸಂಖ್ಯೆ ಬಂದರೆ ಕಡತವು ಶುದ್ಧ. ಬೇರೆ ಬಂದರೆ ಎಲ್ಲಿಯೋ ಗೆದ್ದಲು ಹಿಡಿದಿದೆಯೆಂದು ತಿಳಿಯತಕ್ಕದ್ದು.

ಪಾಠಭೇದದ ವಿಷಯವು ಎಲ್ಲಕ್ಕಿಂತ ರಮಣೀಯವಾದುದು. ಪಬ್‌ಜಿ ಮೊಬೈಲ್ ಎಂಬ ಆಟವನ್ನು ಭಾರತ ಸರ್ಕಾರವು 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. ಅಕ್ಟೋಬರ್ 30ರಂದು ಅದರ ಸೇವೆಯು ಈ ದೇಶದಲ್ಲಿ ನಿಂತಿತು. 2021ರ ಜುಲೈ 2ರಂದು ಅದೇ ಆಟವು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ನಾಮಾಂತರದಿಂದ ಬಂದಾಗ ರಕ್ತದ ಕೆಂಪು ಹಸುರಾಗಿತ್ತು. ಕೊಲ್ಲುವುದಕ್ಕೆ ಹೇಳುವ ಮಾತೂ ಮೃದುವಾಗಿತ್ತು. ಇವೆರಡು ಒಂದೇ ಕೃತಿಯೋ, ಎರಡೋ? ಹಳೆಗನ್ನಡ ಕಾವ್ಯವೊಂದರ ಪ್ರತಿಗಳಲ್ಲಿ ಲಿಪಿಕಾರನು ತನಗೆ ಹಿಡಿಸದ ಪದ್ಯವನ್ನು ತಿದ್ದಿರುವುದನ್ನು ಕಂಡವರಿಗೆ ಈ ಪ್ರಶ್ನೆಯು ಪರಿಚಿತವೇ. ಪಾಲಕನು ಎರಡನ್ನೂ ಬೇರೆಬೇರೆ ದಾಖಲೆಗಳಾಗಿ ಬರೆದು ಸಂಬಂಧವನ್ನು ಸೂಚಿಸಬೇಕು. ಆದರೆ 2020ರ ಆಟವನ್ನು ದಾಖಲಿಸುವುದೆಂತು? ಅದರ ಅರ್ಧವು ಆಟಗಾರನ ಫೋನಿನಲ್ಲಿತ್ತು, ಅರ್ಧವು ದೂರದ ಸರ್ವರುಗಳಲ್ಲಿತ್ತು. ಸರ್ವರು ಬಾಗಿಲಿಕ್ಕಿದ ಮೇಲೆ ಫೋನಿನಲ್ಲಿ ಉಳಿದ ಅರ್ಧವು ಹಂಪೆಯ ಕಲ್ಲಿನ ಮನೆಯಷ್ಟೇ ಮಾತನಾಡಬಲ್ಲದು. ಇಂಥಲ್ಲಿ ಪ್ರಯೋಗವನ್ನೇ ಹಿಡಿದಿಡಬೇಕು: ಆಡುತ್ತಿದ್ದಾಗ ತೆಗೆದ ದೃಶ್ಯಮುದ್ರಣ, ಆಟಗಾರರು ಬರೆದುಕೊಂಡ ಟಿಪ್ಪಣಿ, ಅವರ ಬಾಯಿಂದ ಕೇಳಿ ಬರೆದ ವೃತ್ತಾಂತ.

ಇದಕ್ಕಿಂತ ಹಳೆಯ ಪದರವೊಂದಿದೆ. 1990ರ ದಶಕದಲ್ಲಿ ನಮ್ಮ ಪಟ್ಟಣಗಳ ಮನೆಗಳಲ್ಲಿ ದೂರದರ್ಶನಪೆಟ್ಟಿಗೆಗೆ ಜೋಡಿಸಿ ಆಡುತ್ತಿದ್ದ ‘ಟಿವಿ ಗೇಮ್’ಗಳಲ್ಲಿ ಬಹಳಷ್ಟು ಜಪಾನಿನ ನಿಂಟೆಂಡೊ ಯಂತ್ರದ ಅನಧಿಕೃತ ಪ್ರತಿರೂಪಗಳು. ಅವುಗಳ ತಟ್ಟೆಯಾಕಾರದ ಪೆಟ್ಟಿಗೆಗಳನ್ನು ಮಕ್ಕಳು ‘ಕ್ಯಾಸೆಟ್’ ಎನ್ನುತ್ತಿದ್ದರು. ಮೇಲಿನ ಚೀಟಿಯಲ್ಲಿ ಲಕ್ಷಾಂತರ ಆಟಗಳಿವೆಯೆಂದು ಮುದ್ರಿಸಿದ್ದರೂ ಒಳಗೆ ಇರುತ್ತಿದ್ದುವು ಬೆರಳೆಣಿಕೆಯವು. ಒಂದೇ ಆಟವು ಹತ್ತಾರು ಹೆಸರುಗಳಿಂದ ಮರಳಿ ಬರುತ್ತಿತ್ತು. ಕೃತಿಕಾರನ ಹೆಸರಿಲ್ಲ, ವರ್ಷವಿಲ್ಲ, ಶೀರ್ಷಿಕೆಯು ಸುಳ್ಳು. ಇಂಥ ವಸ್ತುವನ್ನು ಪಟ್ಟಿಮಾಡಲು ತೊಡಗಿದವನಿಗೆ ಕವಿಕಾಲನಿರ್ಣಯವು ಸುಲಭವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೂ ಕನ್ನಡನಾಡಿನ ಒಂದು ತಲೆಮಾರು ಆಟವನ್ನು ಕಲಿತದ್ದು ಅಧಿಕೃತ ಪ್ರತಿಗಳಿಂದಲ್ಲ, ಇವುಗಳಿಂದಲೇ. ವಿದೇಶದ ಭಾಂಡಾರಗಳು ಶುದ್ಧಪ್ರತಿಗಳನ್ನು ಕಾಯುವುವು. ಈ ಅಪಪಾಠಗಳನ್ನು ಕಾಯಬೇಕಾದವರು ನಾಡಿನವರೇ. ಅವುಗಳಲ್ಲಿ ಕೆಲವದರೊಳಗೆ ಆಟದ ಸ್ಥಿತಿಯನ್ನು ನೆನಪಿಡುವ ನಾಣ್ಯದಷ್ಟಗಲದ ಬ್ಯಾಟರಿಯಿರುವುದು. ಅದು ಕ್ಷಯಿಸಿದಾಗ ಉಳಿಸಿಟ್ಟ ಸ್ಥಿತಿಯೂ ಅಳಿಯುವುದು.

ಬೆಂಗಳೂರಿನಲ್ಲಿ 1997ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯು ವಿಡಿಯೊ ಆಟಗಳ ರಚನೆಗೆ ತೊಡಗಿತು. 2019ರಲ್ಲಿ ಅದು ರಾಕ್‌ಸ್ಟಾರ್ ಎಂಬ ವಿದೇಶೀ ಸಂಸ್ಥೆಯ ವಶವಾಯಿತು. ಆದುದರಿಂದ ಈ ವಿದ್ಯೆಯು ಕೇವಲ ಪರದೇಶದ ಸಂಗತಿಯಲ್ಲ. ಅಮೆರಿಕೆಯಲ್ಲಿ 2010ಕ್ಕಿಂತ ಮೊದಲು ಪ್ರಕಟವಾದ ಆಟಗಳಲ್ಲಿ ನೂರಕ್ಕೆ 87ರಷ್ಟು ಮಾರಾಟದಲ್ಲಿ ಸಿಕ್ಕುವುದಿಲ್ಲವೆಂದು ಅಲ್ಲಿಯ ವಿಡಿಯೊ ಆಟಗಳ ಇತಿಹಾಸದ ಪ್ರತಿಷ್ಠಾನವು 2023ರಲ್ಲಿ ಲೆಕ್ಕಹಾಕಿತು. ಭಾಂಡಾರದಲ್ಲಿರುವ ಆಟವನ್ನು ದೂರದಲ್ಲಿರುವ ಸಂಶೋಧಕನಿಗೆ ತಂತಿಯ ಮೂಲಕ ಆಡಗೊಡಲು ಅಲ್ಲಿಯ ಗ್ರಂಥಪಾಲಕರು ಕೇಳಿದ ಅನುಮತಿಯು 2024ರ ಅಕ್ಟೋಬರಿನಲ್ಲಿ ನಿರಾಕರಿಸಲ್ಪಟ್ಟಿತು. ಸ್ಟ್ಯಾನ್‌ಫರ್ಡಿನ ಪ್ರತಿಯು ಬೇಕಾದ ಉದ್ಯಮಬಾಗದ ವಿದ್ಯಾರ್ಥಿಯು ಸಮುದ್ರವನ್ನು ದಾಟಿಯೇ ಹೋಗಬೇಕು.

ಇಲ್ಲಿಯೇ ಭಾಂಡಾರವನ್ನು ಕಟ್ಟೋಣವೆಂದರೆ ಶಾಸನದ ತೊಡಕೊಂದಿದೆ. 1957ರ ಕೃತಿಸ್ವಾಮ್ಯ ಶಾಸನಕ್ಕೆ 2012ರಲ್ಲಿ ಆದ ತಿದ್ದುಪಡಿಯು, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಕೃತಿಯನ್ನು ವಿದ್ಯುನ್ಮಾನ ಕ್ರಮದಿಂದ ಸಂಗ್ರಹಿಸಿಡಬಹುದೆಂದು 52ನೆಯ ಪ್ರಕರಣದಲ್ಲಿ ಹೇಳುತ್ತದೆ. ಆದರೆ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿಯು ಗ್ರಂಥಾಲಯದಲ್ಲಿ ಮೊದಲೇ ಇರಬೇಕೆಂಬುದು ನಿಬಂಧನೆ. ಪುಸ್ತಕಕ್ಕೆ ಇದು ಸಂಗತವೇ ಸರಿ. ಹುಟ್ಟಿದ್ದೇ ಡಿಜಿಟಲ್ ಆಗಿ, ಕಾಗದದ ರೂಪವನ್ನು ಎಂದೂ ಧರಿಸದ ಆಟಕ್ಕೆ ಅಂಥ ಪ್ರತಿಯನ್ನು ಎಲ್ಲಿಂದ ತರುವುದು? ಅದೇ ಪ್ರಕರಣದ ಇನ್ನೊಂದು ವಾಕ್ಯವು ಕಂಪ್ಯೂಟರ್ ಪ್ರೋಗ್ರಾಮಿನ ನ್ಯಾಯಬದ್ಧ ಸ್ವಾಧೀನದಾರನಿಗೆ ನಾಶಭಯದಿಂದ ಒಂದು ಪ್ರತಿಯನ್ನು ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಅದೂ ತಾತ್ಕಾಲಿಕ ರಕ್ಷಣೆಯೆಂಬ ಮಾತಿನಿಂದ ಬದ್ಧವಾಗಿದೆ; ಭಾಂಡಾರದ ಕೆಲಸವಾದರೋ ಶತಮಾನಗಳ ಲೆಕ್ಕದ್ದು. ಪ್ರಕಾಶಕರು ಕೊಲ್ಕತ್ತೆ, ಚೆನ್ನೈ, ಮುಂಬಯಿ, ದೆಹಲಿಗಳ ನಾಲ್ಕು ಗ್ರಂಥಾಲಯಗಳಿಗೆ ಪ್ರತಿಗಳನ್ನು ಒಪ್ಪಿಸಬೇಕೆಂಬ 1954ರ ಶಾಸನವು ಪುಸ್ತಕ, ಪತ್ರಿಕೆಗಳನ್ನು ಮಾತ್ರ ಹೇಳುತ್ತದೆ. ಆಟಗಳನ್ನು ಒಪ್ಪಿಸುವ ಕಟ್ಟಳೆ ಅದರಲ್ಲಿಲ್ಲ.

ಶಾಸನವು ತಿದ್ದುವವರೆಗೆ ಯಂತ್ರವನ್ನೂ ಪ್ರೋಗ್ರಾಮನ್ನೂ ಕುರಿತು ಪಾಲಕನ ಕೈ ಅರೆಕಟ್ಟಿದಂತೆಯೇ. ಪ್ರಯೋಗದ ವಿಷಯದಲ್ಲಿ ಹಾಗಿಲ್ಲ. ಆಟವನ್ನು ಆಡಿದವನಿಂದ ಅದರ ವೃತ್ತಾಂತವನ್ನು ಕೇಳಿ ಬರೆದುಕೊಳ್ಳುವುದನ್ನು ಯಾವ ಶಾಸನವೂ ತಡೆಯದು. ಕ್ಯಾಸೆಟ್ಟಿನ ಕಾಲದ ಮಕ್ಕಳು ಈಗ ನಲವತ್ತು ದಾಟಿದ್ದಾರೆ. ಓಣಿಯ ಗೆಳೆಯರೊಳಗೆ ಸೋತವನು ಕೈಬಿಡಬೇಕಾದ ಸರದಿ, ಕೆಟ್ಟ ಕ್ಯಾಸೆಟ್ಟಿಗೆ ಬಾಯಿಂದ ಊದಿ ಮತ್ತೆ ಸಿಕ್ಕಿಸುವ ರೂಢಿ, ಇಂಗ್ಲಿಷ್ ಬಾರದವರು ಪಾತ್ರಗಳಿಗೆ ಇಟ್ಟುಕೊಂಡ ಹೆಸರುಗಳು, ಇವು ಅವರ ನೆನಪಿನಲ್ಲಿವೆ. ಯಾವ ಚಿಪ್ಪಿನಲ್ಲಿಯೂ ಇಲ್ಲ. ಬೆಳಗಾವಿಯಲ್ಲಿ ಅವರಲ್ಲಿ ಕೆಲವರು ಕನ್ನಡದಲ್ಲಿಯೂ ಕೆಲವರು ಮರಾಠಿಯಲ್ಲಿಯೂ ಹೇಳುವರು. ಎರಡನ್ನೂ ಹೇಳಿದಂತೆಯೇ ಬರೆದುಕೊಳ್ಳತಕ್ಕದ್ದು.