ಶವರ್ಮಾದ ಆಚೆಗಿನ ಶಾಮ್ ನಾಡಿನ ಊಟ

ನೆಲಮಂಗಲದಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ತುಮಕೂರಿನತ್ತ, ಇನ್ನೊಂದು ಕುಣಿಗಲ್ ದಾಟಿ ಹಾಸನದತ್ತ. ಈ ರಸ್ತೆಗಳ ಬದಿಯಲ್ಲಿ ಬಿರಿಯಾನಿ ಬೋರ್ಡುಗಳ ಜೊತೆಗೆ ಈಗ ಶವರ್ಮಾ, ಮಂದಿ, ಅಲ್‌ಫಹಮ್ ಎಂಬ ಹೆಸರುಗಳೂ ಕಾಣಿಸುತ್ತವೆ. ಅರಬ್ ಊಟವೆಂದರೆ ನಮ್ಮ ಮಕ್ಕಳ ಮನಸ್ಸಿನಲ್ಲಿ ಇಷ್ಟೇ. ಆದರೆ ಮಂದಿ ಯಮನಿನ ಹದ್ರಮೌತ್ ಕಡೆಯದು. ಶವರ್ಮಾ ಎಂಬ ಹೆಸರೇ 'ತಿರುಗಿಸುವುದು' ಎಂಬ ಅರ್ಥದ ತುರ್ಕಿ ಪದದಿಂದ ಬಂದದ್ದು. ಉಸ್ಮಾನಿಯಾ ಕಾಲದಿಂದ ಶಾಮ್ ನಾಡಿನ ಬೀದಿಗಳಲ್ಲಿ ಉಳಿದುಕೊಂಡಿದೆ. ಇದನ್ನು ತಿಂದು ಸಿರಿಯಾದ ಅಡುಗೆ ತಿಳಿಯಿತು ಎನ್ನುವುದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕರ್ನಾಟಕದ ಅಡುಗೆಯೆಲ್ಲ ತಿಳಿಯಿತು ಎಂದಂತೆ.

ಶವರ್ಮಾದ ಬಗ್ಗೆ ಇನ್ನೊಂದು ಮಾತು. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಅಸ್ವಸ್ಥಳಾದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಸರಿಯಾಗಿ ಬೇಯದ ಕೋಳಿಮಾಂಸ, ಹಸಿಮೊಟ್ಟೆಯ ಮಯೋನೀಸ್ ಎರಡೂ ಅಪಾಯಕಾರಿ. ಶಾಮಿನಲ್ಲಿ ಕೋಳಿ ಶವರ್ಮಾಕ್ಕೆ ಹಚ್ಚುವ 'ತೂಮ್' ಮೂಲದಲ್ಲಿ ಬೆಳ್ಳುಳ್ಳಿ, ಎಣ್ಣೆ, ನಿಂಬೆರಸ, ಉಪ್ಪು ಸೇರಿಸಿ ಅರೆದದ್ದು. ಅದಕ್ಕೆ ಮೊಟ್ಟೆ ಬೇಕಿಲ್ಲ. ಮಕ್ಕಳು ಹಟ ಮಾಡಿದಾಗ ಮನೆಯಲ್ಲೇ ಅದನ್ನು ಅರೆದುಕೊಡಬಹುದು.

ಸಿರಿಯಾದ ನಿಜವಾದ ಊಟ ಹುಡುಕುವ ಪ್ರಯಾಣಿಕ ಬೆಳಿಗ್ಗೆ ಏಳಬೇಕು. ದಮಾಸ್ಕಸ್‌ನ ಹಳೇ ಪೇಟೆಯಲ್ಲಿ ಬೆಳಗಿನ ಉಪಾಹಾರವೆಂದರೆ 'ಫೂಲ್' ಮತ್ತು 'ಫತ್ತೆ'. ಫೂಲ್ ಎಂದರೆ ದೊಡ್ಡ ಜಾತಿಯ ಅವರೆಯಂಥ ಕಾಳು. ಅದನ್ನು ನಿಧಾನವಾಗಿ ಬೇಯಿಸಿ ಜೀರಿಗೆ, ನಿಂಬೆ, ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ. ಸೊಗಡವರೆ ಕಾಲದಲ್ಲಿ ಮೂರು ಹೊತ್ತೂ ಅವರೆಕಾಳು ತಿನ್ನುವ ನಮ್ಮ ಕಡೆಯವರಿಗೆ ಇದು ಅಪರಿಚಿತ ರುಚಿಯೇನಲ್ಲ. ಫತ್ತೆ ಇನ್ನೂ ಸ್ವಾರಸ್ಯದ್ದು. ನಿನ್ನೆಯ ಒಣಗಿದ ರೊಟ್ಟಿಯನ್ನು ಚೂರು ಮಾಡಿ, ಕಾಬೂಲಿ ಕಡಲೆ ಬೇಯಿಸಿದ ನೀರಿನಲ್ಲಿ ನೆನೆಸಿ, ಮೇಲೆ ಕಡಲೆ, ಎಳ್ಳಿನ ತಹೀನಿ ಬೆರೆಸಿದ ಮೊಸರು ಹಾಕಿ, ಕೊನೆಗೆ ಕಾದ ತುಪ್ಪವನ್ನು ಚುರ್ ಎನ್ನುವಂತೆ ಸುರಿಯುತ್ತಾರೆ. ಹಳಸುವ ಮುಂಚೆ ರೊಟ್ಟಿಗೆ ಒಂದು ಗೌರವದ ಜಾಗ ಕೊಡುವ ಅಡುಗೆ ಇದು. ಸಾರಿನಲ್ಲಿ ರೊಟ್ಟಿ ನೆನೆಸಿ ಮಾಡುವ ಸರೀದ್‌ನ ಬಳಗಕ್ಕೇ ಸೇರಿದ್ದು. ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾ(ರ)ರ ಶ್ರೇಷ್ಠತೆಯನ್ನು ಹೇಳುವಾಗ ಇತರ ಆಹಾರಗಳ ನಡುವೆ ಸರೀದ್‌ಗಿರುವ ಶ್ರೇಷ್ಠತೆಗೆ ಹೋಲಿಸಿದ್ದು ಸಹೀಹ್ ಬುಖಾರಿಯಲ್ಲಿದೆ. ಆ ಹೋಲಿಕೆ ಏಕೆ ಎಂಬುದು ಇಂಥ ತಟ್ಟೆಯ ಮುಂದೆ ಕುಳಿತಾಗ ಸ್ವಲ್ಪ ಅರ್ಥವಾದೀತು.

ಅಲೆಪ್ಪೊ, ಅರಬಿಯಲ್ಲಿ ಹಲಬ್, ಸಿರಿಯನ್ನರ ಮಟ್ಟಿಗೆ ಅಡುಗೆಯ ರಾಜಧಾನಿ. ಅಲ್ಲಿಯ ಹೆಮ್ಮೆ 'ಕಿಬ್ಬೆ': ಗೋಧಿಯನ್ನು ಬೇಯಿಸಿ ಒಣಗಿಸಿ ಒಡೆದ ಬುರ್ಗುಲ್ ಮತ್ತು ಖೀಮಾವನ್ನು ನುಣ್ಣಗೆ ಕುಟ್ಟಿ, ಒಳಗೆ ಹೂರಣವಿಟ್ಟು ಕರಿದದ್ದು. ಮೊಸರಿನ ಸಾರಿನಲ್ಲಿ ಬೇಯಿಸಿದ ಕಿಬ್ಬೆ ಇದೆ, ಸಫರ್ಜಲ್ ಹಣ್ಣಿನ ಸಾರಿನದ್ದೂ ಇದೆ; ಹೀಗೆ ಹತ್ತಾರು ಬಗೆ. ಹಸಿಮಾಂಸದ ಒಂದು ಬಗೆಯೂ ಉಂಟು. ಪ್ರಯಾಣಿಕರು ಅದನ್ನು ಬಿಡುವುದೇ ಲೇಸು. ಅಲ್ಲಿಯ 'ಮುಹಮ್ಮರಾ' ಎಂಬ ಚಟ್ನಿಗೆ ಕೆಂಪು ಮೆಣಸು, ಆಕ್ರೋಟು, ದಾಳಿಂಬೆ ರಸದ ಪಾಕ ಬೀಳುತ್ತವೆ. ಹಲಬಿನ ಮೆಣಸು ನಮ್ಮ ಬ್ಯಾಡಗಿಯಂತೆ ಖಾರಕ್ಕಿಂತ ಬಣ್ಣಕ್ಕೆ, ಪರಿಮಳಕ್ಕೆ ಹೆಸರಾದದ್ದು. ಸಿಹಿ ಬೇಕೆಂದವರು ದಮಾಸ್ಕಸ್‌ನ ಹಮೀದಿಯಾ ಪೇಟೆಯಲ್ಲಿ 1895ರಿಂದ ಇರುವ ಬಕ್ದಾಶ್ ಅಂಗಡಿಯ ಐಸ್‌ಕ್ರೀಮ್ ತಿನ್ನಬಹುದು. ಉದ್ದನೆಯ ಮರದ ಒನಕೆಯಿಂದ ಅದನ್ನು ಕುಟ್ಟುವ ಸದ್ದು ಬೀದಿಗೇ ಕೇಳಿಸುತ್ತದೆ.

ನಮಗೆ ಹೆಚ್ಚು ಹತ್ತಿರದ ಸಂಗತಿ ಹುಣಸೆ. ಅರಬಿಯಲ್ಲಿ ಅದರ ಹೆಸರು 'ತಮ್ರ್ ಹಿಂದಿ', ಅಂದರೆ ಭಾರತದ ಖರ್ಜೂರ. ಇಂಗ್ಲಿಷಿನ ಟ್ಯಾಮರಿಂಡ್ ಹುಟ್ಟಿದ್ದು ಇದರಿಂದಲೇ. ರಮಝಾನಿನಲ್ಲಿ ಇಫ್ತಾರ್ ಹೊತ್ತಿಗೆ ದಮಾಸ್ಕಸ್‌ನ ಬೀದಿಗಳಲ್ಲಿ ಹಿತ್ತಾಳೆಯ ಪಾತ್ರೆಯನ್ನು ಬೆನ್ನಿಗೇರಿಸಿಕೊಂಡವರು ಹುಣಸೆ ಪಾನಕ ಮಾರುತ್ತಾರೆ. ಮಸೂರ್ ಬೇಳೆ, ಹಿಟ್ಟಿನ ತುಂಡು, ಹುಣಸೆರಸ, ಕೊತ್ತಂಬರಿ ಸೇರಿಸಿ ಮಾಡುವ ಒಂದು ಖಾದ್ಯದ ಹೆಸರು 'ಹರ್ರಾಕ್ ಇಸ್ಬಾಊ', ಬೆರಳು ಸುಟ್ಟುಕೊಂಡವನು ಎಂದು. ಆರುವವರೆಗೆ ಕಾಯಲಾರದೆ ಬೆರಳಿಟ್ಟವನ ಕತೆ ಅದಕ್ಕಿದೆ. ತುಮಕೂರು ಮಾರುಕಟ್ಟೆಯ ಹುಣಸೆ ಬಳಸುವ ನಮ್ಮ ಮನೆಗಳಲ್ಲಿ ಇದನ್ನು ಸಲೀಸಾಗಿ ಮಾಡಬಹುದು.

ಹೀಗೆ ನೋಡುತ್ತ ಹೋದರೆ ಈ ಅಡುಗೆಯ ಜೀವಾಳ ಮಾಂಸವಲ್ಲ, ಗೋಧಿ ಮತ್ತು ಕಾಳು. ಮನುಷ್ಯ ಮೊದಲು ಗೋಧಿ, ಬಾರ್ಲಿ, ಮಸೂರ್ ಬಿತ್ತಿ ಬೆಳೆದ ಪ್ರದೇಶಗಳಲ್ಲಿ ಈ ನಾಡೂ ಸೇರಿದೆ. ಅಲೆಪ್ಪೊ ಬಳಿಯ ತಲ್ ಹದ್ಯಾದಲ್ಲಿ ಇಕಾರ್ಡಾ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇವುಗಳ ಬೀಜಗಳನ್ನು ಸಂಗ್ರಹಿಸಿಟ್ಟಿತ್ತು. 2011ರಲ್ಲಿ ಸಂಘರ್ಷ ಶುರುವಾಗಿ, ಮುಂದೆ ಅಲ್ಲಿ ಕೆಲಸ ಮಾಡುವುದೇ ಅಸಾಧ್ಯವಾಯಿತು. ಸಂಸ್ಥೆ ತನ್ನ ಬೀಜಗಳ ಪ್ರತಿಗಳನ್ನು ನಾರ್ವೆಯ ಸ್ವಾಲ್ಬಾರ್ಡ್‌ನ ಹಿಮದೊಳಗಿನ ಭಂಡಾರದಲ್ಲಿ ಇಟ್ಟಿದ್ದರಿಂದ, 2015ರಲ್ಲಿ ಅವನ್ನು ಹಿಂಪಡೆದು ಲೆಬನಾನ್ ಮತ್ತು ಮೊರಾಕ್ಕೊದಲ್ಲಿ ಮತ್ತೆ ಬಿತ್ತಿತು. ಆ ಭಂಡಾರದಿಂದ ಬೀಜ ಹೊರತೆಗೆದದ್ದು ಅದೇ ಮೊದಲು.

ಬೀಜ ಉಳಿಯಿತು, ಜನರ ಹೊಟ್ಟೆ ತುಂಬಲಿಲ್ಲ. ರೊಟ್ಟಿಗಾಗಿ ಬೇಕರಿಗಳ ಮುಂದೆ ಸಾಲು ನಿಂತವರ ಮೇಲೆ ಬಾಂಬು ಬಿದ್ದಿತು. 2013ರ ಅಕ್ಟೋಬರ್‌ನಲ್ಲಿ, ಮುತ್ತಿಗೆಯಲ್ಲಿ ಸಿಲುಕಿದ್ದ ದಮಾಸ್ಕಸ್ ಹೊರವಲಯದ ಉಲಮಾಗಳು, ಹಸಿವಿನಿಂದ ಸಾಯುವ ಸ್ಥಿತಿಯಲ್ಲಿರುವವರು ನಾಯಿ, ಬೆಕ್ಕಿನ ಮಾಂಸ ತಿನ್ನಬಹುದೆಂದು ಫತ್ವಾ ಕೊಡಬೇಕಾಯಿತು. ಫತ್ತೆ, ಕಿಬ್ಬೆಗಳ ಊರಿನ ಕತೆ ಇದು. 2024ರ ಜನವರಿಯಲ್ಲಿ ವಿಶ್ವ ಆಹಾರ ಕಾರ್ಯಕ್ರಮವು ಹಣದ ಕೊರತೆಯಿಂದ ಅಲ್ಲಿನ ಸಾಮಾನ್ಯ ಆಹಾರ ನೆರವನ್ನು ನಿಲ್ಲಿಸಿತು. ಅದೇ ವರ್ಷ ಡಿಸೆಂಬರ್ 8ರಂದು ಅಸದ್ ಆಡಳಿತ ಉರುಳಿತು. 2025ರಲ್ಲಿ ಬರಗಾಲ ಬಂದು ಗೋಧಿ ಬೆಳೆ ಕೈಕೊಟ್ಟಿತು.

ಆದ್ದರಿಂದ ಉಮ್ರಾ ಮುಗಿಸಿ ಶಾಮ್ ಕೂಡ ನೋಡಿ ಬರುವ ಆಸೆಯುಳ್ಳವರು ಮೊದಲು ನಮ್ಮ ವಿದೇಶಾಂಗ ಸಚಿವಾಲಯದ ಸದ್ಯದ ಸೂಚನೆ ನೋಡಬೇಕು. 2024ರ ಡಿಸೆಂಬರ್‌ನಲ್ಲಿ ಅದು ಸಿರಿಯಾ ಪ್ರಯಾಣವೇ ಬೇಡವೆಂದಿತ್ತು. ಹೋದವರು ಅತಿಥಿಯ ರೀತಿಯನ್ನೂ ಅರಿತಿರಬೇಕು. ಅಲ್ಲಿ ನೆಲಕ್ಕೆ ಬಿದ್ದ ರೊಟ್ಟಿಯ ಚೂರನ್ನು ಎತ್ತಿ, ಮುತ್ತಿಟ್ಟು, ಕಾಲಿಗೆ ಸಿಗದಂತೆ ಎತ್ತರದಲ್ಲಿಡುತ್ತಾರೆ. ಉಣ್ಣುವವರಿಗೆ 'ಸಹ್ತೇನ್' ಎನ್ನುತ್ತಾರೆ, ಎರಡು ಪಟ್ಟು ಆರೋಗ್ಯ ಸಿಗಲಿ ಎಂದು. 'ಅಲಾ ಕಲ್ಬಕ್', ಅದು ನಿಮ್ಮ ಹೃದಯಕ್ಕೂ ಸಲ್ಲಲಿ, ಎಂಬುದು ಉತ್ತರ. 'ನಮ್ಮ ನಡುವೆ ರೊಟ್ಟಿ ಉಪ್ಪಿನ ಸಂಬಂಧವಿದೆ' ಎಂಬ ಅವರ ಮಾತು ನಮ್ಮ 'ಉಂಡ ಮನೆಗೆ ಎರಡು ಬಗೆಯಬಾರದು' ಎಂಬುದಕ್ಕೆ ತೀರಾ ಹತ್ತಿರ. ಕಹಿ ಕಾಫಿ ಸಾಕೆನಿಸಿದರೆ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಿ ಹಿಂದಿರುಗಿಸಬೇಕು. ಸುಮ್ಮನೆ ಚಾಚಿದರೆ ಮತ್ತೆ ತುಂಬಿಸುತ್ತಾರೆ! ಬಡವರ ಮನೆಯಲ್ಲೂ ಅತಿಥಿಯ ಮುಂದೆ ಇದ್ದದ್ದೆಲ್ಲ ಬಂದು ಕೂರುತ್ತದೆ. ಅದು ಮಕ್ಕಳ ನಾಳೆಯ ಊಟವೂ ಇರಬಹುದು. ನೋಡಿಕೊಂಡು ತಿನ್ನಬೇಕು, ಬರುವಾಗ ಮಕ್ಕಳ ಕೈಗೆ ಏನಾದರೂ ಇಟ್ಟು ಬರಬೇಕು.

ಹೋಗಲಾಗದವರಿಗೆ 'ಮುಜದ್ದರಾ' ಇದೆ. ಒಂದು ಲೋಟ ಸಿಪ್ಪೆ ಸಹಿತ ಇಡೀ ಮಸೂರ್ ಕಾಳನ್ನು ಮುಕ್ಕಾಲು ಭಾಗ ಬೇಯಿಸಿ, ಒಂದು ಲೋಟ ಅಕ್ಕಿ ಅಥವಾ ಗೋಧಿ ನುಚ್ಚು, ಉಪ್ಪು, ಜೀರಿಗೆ ಪುಡಿ, ಸಾಕಷ್ಟು ನೀರು ಸೇರಿಸಿ ಅರಳಿಸಬೇಕು. ಮೂರು ದೊಡ್ಡ ಈರುಳ್ಳಿಯನ್ನು ಉದ್ದುದ್ದ ಹೆಚ್ಚಿ, ಸಣ್ಣ ಉರಿಯಲ್ಲಿ ಕಡು ಕಂದು ಬಣ್ಣಕ್ಕೆ ಬರುವವರೆಗೆ ಕರಿಯಬೇಕು. ಇಲ್ಲಿ ಅವಸರ ಬೇಡ, ರುಚಿಯೆಲ್ಲ ಈ ಈರುಳ್ಳಿಯದೇ. ಅರ್ಧವನ್ನು ಒಳಗೆ ಬೆರೆಸಿ, ಉಳಿದದ್ದನ್ನು ಮೇಲೆ ಹರಡಿ, ತಣ್ಣನೆಯ ಮೊಸರು, ಸೌತೆಕಾಯಿ ಜೊತೆಗೆ ಬಡಿಸಬೇಕು. ಆಲಿವ್ ಎಣ್ಣೆ ದುಬಾರಿ ಎನಿಸಿದರೆ ಕಡಲೆಕಾಯಿ ಎಣ್ಣೆ ನಡೆಯುತ್ತದೆ. ನಾಲ್ಕು ಜನಕ್ಕೆ ಸಾಲುತ್ತದೆ.