ನೀರಿನೊಳಗ ಉಸಿರು ಹಿಡಿಯೋದು ಶೌರ್ಯ ಅಲ್ಲ



ನಮ್ಮ ನವಲಗುಂದ ಸೀಮೆಯಲ್ಲಿ ಈಜು ಅಂದ್ರ ಮಲಪ್ರಭಾ ಕಾಲುವೆ. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಕಲಿತವರು ನಾವು. ಉಸಿರು ಹಿಡಿದು ಯಾರು ಹೆಚ್ಚು ಹೊತ್ತು ಮುಳುಗುತ್ತಾರೆ ಎಂಬುದೇ ನಮ್ಮ ಪಂದ್ಯ. ಅದರಲ್ಲಿ ನಾನೇ ಮುಂದೆ ಎಂಬ ಜಂಬ ನನಗಿತ್ತು. ದೀಪಾವಳಿ ಸೂಟಿಯಲ್ಲಿ ಸಮುದ್ರಕ್ಕೆ ಇಳಿದಾಗ ಆ ಜಂಬ ಇಳಿದುಹೋಯಿತು. ಅದನ್ನೇ ಇಲ್ಲಿ ಬರೆದಿದ್ದೇನೆ.

ಹುಬ್ಬಳ್ಳಿಯ ನಮ್ಮ ಮಾಮಾ ಮುರ್ಡೇಶ್ವರಕ್ಕೆ ಹೊರಟಾಗ ನನ್ನನ್ನೂ ಕರೆದ. ಅವ್ವ ಒಪ್ಪಲಿಲ್ಲ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲ್ಲಿನ ಸಮುದ್ರದಲ್ಲಿ ಮುಳುಗಿ ತೀರಿಕೊಂಡಿದ್ದು ಆಕೆಗೆ ನೆನಪಿತ್ತು. "ಅಕ್ಕಾ, ಕಲಿಸೋರು ಕೈ ಹಿಡಕೊಂಡ ಇಳಸ್ತಾರ" ಎಂದು ಮಾಮಾ ಹೇಳಿದ ಮೇಲೆ, "ಅವರು ಹೇಳಿದಂಗ ಕೇಳಬೇಕು" ಎಂಬ ಕರಾರಿನ ಮೇಲೆ ಕಳಿಸಿದಳು. ಕಲಘಟಗಿ, ಯಲ್ಲಾಪುರ, ಅಂಕೋಲಾ ದಾಟಿ ಮುರ್ಡೇಶ್ವರ ಸೇರಿದೆವು.

ನೇತ್ರಾಣಿ ಎಲ್ಲಿದೆ?

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ, ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ನಡುಗಡ್ಡೆ ಇದೆ. ಪಾರಿವಾಳ ದ್ವೀಪ ಎಂದೂ ಕರೆಯುತ್ತಾರೆ. ಅಲ್ಲಿ ಊರಿಲ್ಲ. ಕಲ್ಲುಗುಡ್ಡ, ಗಿಡಮರ, ಕಾಡು ಆಡು, ಹದ್ದುಗಳು ಇವೆ. ಮಳೆಗಾಲದಲ್ಲಿ ಕಡಲು ಒರಟಾಗುವುದರಿಂದ ಆಗ ಮುಳುಗಾಟ ಬಂದ್. ನಾವು ನಡುಗಡ್ಡೆ ಮೇಲೆ ಇಳಿಯಲಿಲ್ಲ. ಅದರ ಹತ್ತಿರ ಬೋಟು ನಿಲ್ಲಿಸಿ ನೀರಿಗೆ ಇಳಿದೆವು.

ಸ್ಕೂಬಾ ಅಂದರೇನು?

ಗಾಳಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ನೀರೊಳಗೆ ಉಸಿರಾಡುವುದೇ ಸ್ಕೂಬಾ. ಸಿಲಿಂಡರಿನಲ್ಲಿ ಬರೀ ಆಮ್ಲಜನಕ ಇರುತ್ತದೆ ಎಂದು ನಾನು ತಿಳಿದಿದ್ದೆ. ಅದು ತಪ್ಪು. ನಾವು ಉಸಿರಾಡುವ ಸಾದಾ ಗಾಳಿಯನ್ನೇ ಸೋಸಿ, ಒತ್ತಿ ತುಂಬಿರುತ್ತಾರೆ. ಪಂಚರ್ ಅಂಗಡಿಯಲ್ಲಿ ಕಾರಿನ ಗಾಲಿಗೆ 30 ಪೌಂಡು ಗಾಳಿ ಹಾಕುತ್ತಾರಲ್ಲ, ಸಿಲಿಂಡರಿನಲ್ಲಿ ಸುಮಾರು 3000 ಪೌಂಡು ಇರುತ್ತದೆ, ಅಂದರೆ ನೂರು ಪಟ್ಟು! ಅಷ್ಟು ಜೋರಿನ ಗಾಳಿಯನ್ನು ನೇರ ಬಾಯಿಗೆ ಬಿಡಲಾಗದು. ರೆಗ್ಯುಲೇಟರ್ ಎಂಬ ಉಪಕರಣ ಅದನ್ನು ಹದಮಾಡಿ, ನಾವು ಎಳೆದುಕೊಂಡಾಗ ಮಾತ್ರ ಬೇಕಾದಷ್ಟು ಕೊಡುತ್ತದೆ. ಇಂಥದ್ದನ್ನು 1943ರಲ್ಲಿ ಫ್ರಾನ್ಸಿನಲ್ಲಿ ಕುಸ್ತೋ ಮತ್ತು ಗಾನ್ಯಾ ಎಂಬಿಬ್ಬರು ತಯಾರಿಸಿದರು.

ನಾನು ಹೇಳಿದ ಸುಳ್ಳು

ಮೊದಲ ದಿನ ರೆಸಾರ್ಟಿನ ಈಜುಕೊಳದಲ್ಲೇ ಪಾಠ. ಮೊದಲನೇ ನಿಯಮ: ಉಸಿರು ಹಿಡಿಯಬಾರದು, ಬಾಯಿಂದ ಸಾವಕಾಶ ಉಸಿರಾಡುತ್ತಲೇ ಇರಬೇಕು. ಎರಡನೇದು, ಕೈಸನ್ನೆ. ಹೆಬ್ಬೆರಳು ಮೇಲೆತ್ತಿದರೆ 'ಭೇಷ್' ಅಲ್ಲ, 'ಮೇಲೆ ಹೋಗೋಣ' ಎಂದರ್ಥ! ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿದರೆ 'ಆರಾಮ'. ಅಂಗೈ ಅತ್ತಿತ್ತ ಅಲ್ಲಾಡಿಸಿದರೆ 'ತೊಂದರೆ'.

ಆಮೇಲೆ ಒಂದು ಫಾರ್ಮು ಕೊಟ್ಟರು. ಅಸ್ತಮಾ, ಹೃದಯದ ತೊಂದರೆ, ಕಿವಿನೋವು, ನೆಗಡಿ ಇದೆಯೇ ಎಂದು ಕೇಳಿತ್ತು. ನನಗೆ ಎರಡು ದಿನದಿಂದ ನೆಗಡಿ. "ಬರಿಬ್ಯಾಡೋ, ರೊಕ್ಕ ಕಟ್ಟೇವಿ" ಎಂದ ಮಾಮಾ. 'ಇಲ್ಲ' ಎಂದು ಬರೆದೆ.

ಮರುದಿನ ನೇತ್ರಾಣಿಯಲ್ಲಿ ಸರ್ ನನ್ನ ಕೈ ಹಿಡಿದು ಇಳಿಸಿದರು. ಎರಡು ಆಳು ಆಳ ಹೋಗುವಷ್ಟರಲ್ಲಿ ಎಡಗಿವಿಗೆ ದಬ್ಬಣ ಚುಚ್ಚಿದಂತಾಯಿತು. ಸರ್ 'ಆರಾಮ?' ಎಂದು ಸನ್ನೆ ಮಾಡಿದರು. ನಾಚಿಕೆಗೆ ಉಂಗುರ ತೋರಿಸಿದೆ. ಇದು ಎರಡನೇ ಸುಳ್ಳು. ಇನ್ನಷ್ಟು ಇಳಿದ ಮೇಲೆ ತಡೆಯಲಿಕ್ಕಾಗಲಿಲ್ಲ, ಅಂಗೈ ಅಲ್ಲಾಡಿಸಿ ಕಿವಿ ತೋರಿಸಿದೆ. ಅವರು ತುಸು ಮೇಲೆ ತಂದು ಮೂಗು ಹಿಡಿದು ಊದಿಸಿದರು. ಕಿವಿ ಬಿಡಲಿಲ್ಲ. ಸಾವಕಾಶ ಮೇಲೆ ಕರೆತಂದರು. ಮಾಮಾ ತಳದ ಹವಳ ನೋಡಿಬಂದ. ನಾನು ಹಗ್ಗ ಹಿಡಿದು ತೇಲುತ್ತ, ಹಳದಿ ಚಿಟ್ಟೆಮೀನುಗಳ ಹಿಂಡನ್ನು ಮೇಲಿಂದಲೇ ನೋಡಿದೆ.

ಹೀಗೇಕೆ ಆಯಿತು?

ನೀರಿಗೂ ಭಾರವಿದೆ. 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದುಪ್ಪಟ್ಟು. ಆ ಒತ್ತಡ ಕಿವಿಯ ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಮೂಗಿನ ಹಿಂದಿನಿಂದ ಕಿವಿಗೆ ಒಂದು ಸಣ್ಣ ಕೊಳವೆ ಇದೆ. ಮೂಗು ಮುಚ್ಚಿ ಮೆಲ್ಲಗೆ ಊದಿದರೆ ಗಾಳಿ ಅದರೊಳಗೆ ಹೋಗಿ ಎರಡೂ ಕಡೆ ಸಮ ಆಗುತ್ತದೆ. ನೆಗಡಿಯಾದಾಗ ಆ ಕೊಳವೆ ಕಟ್ಟಿರುತ್ತದೆ. ಹಟ ಹಿಡಿದು ಇಳಿದರೆ ತಮಟೆ ಹರಿಯಬಹುದು.

ಉಸಿರಿನ ಲೆಕ್ಕವೂ ಹಾಗೇ. 10 ಮೀಟರ್ ಆಳದಲ್ಲಿ ಊದಿದ ಪುಗ್ಗ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಆಳದಲ್ಲಿ ಸಿಲಿಂಡರಿನ ಗಾಳಿ ಎಳೆದುಕೊಂಡು, ಉಸಿರು ಹಿಡಿದು ಮೇಲೆ ಬಂದರೆ ನಮ್ಮ ಪುಪ್ಪುಸವೇ ಆ ಪುಗ್ಗ. ಅದಕ್ಕೇ ಆ ಮೊದಲ ನಿಯಮ.

"ಹಂಗಾದ್ರ ಕಾಲುವ್ಯಾಗ ನಮಗ ಏನೂ ಆಗೂದಿಲ್ಲಲ್ರಿ?" ಎಂದು ಕೇಳಿದೆ. ಸರ್ ಹೇಳಿದ್ದು ಕೇಳಿ ಎದೆ ಝಲ್ಲೆಂದಿತು. ದಂಡೆಯಲ್ಲಿ ತಗೊಂಡ ಉಸಿರಿನಿಂದ ಪುಪ್ಪುಸ ಹರಿಯುವುದಿಲ್ಲ, ನಿಜ. ಆದರೆ 'ಉಸಿರು ಬೇಕು' ಎಂಬ ಚಡಪಡಿಕೆ ಮುಖ್ಯವಾಗಿ ಹುಟ್ಟುವುದು ಒಳಗೆ ತುಂಬುವ ಇಂಗಾಲದ ಡೈಆಕ್ಸೈಡಿನಿಂದ. ನಾವು ಮುಳುಗುವ ಮೊದಲು ಹತ್ತು ಸಲ ಜೋರಾಗಿ ಉಸಿರು ಬಿಡುತ್ತೇವಲ್ಲ, ಆಗ ಅದು ಹೊರಗೆ ಹೋಗುತ್ತದೆ. ಚಡಪಡಿಕೆ ಬರುವ ಮೊದಲೇ ಆಮ್ಲಜನಕ ತೀರಿ, ಎಚ್ಚರ ತಪ್ಪುತ್ತದೆ. ಒಳ್ಳೆಯ ಈಜುಗಾರರೂ ಹೀಗೆ ಸತ್ತಿದ್ದಾರೆ. ದಂಡೆಯಲ್ಲಿ ನಿಂತು ಎಣಿಸುವವರು 'ಇನ್ನೂ ಹಿಡದಾನ ನೋಡೋ' ಅಂತಿರುತ್ತಾರೆ!

"ಕೊನೆಗಾದರೂ ಕಿವಿ ತೋರಿಸಿದೆಯಲ್ಲ ಮಾರಾಯ, ಅದೇ ಬುದ್ಧಿವಂತಿಕೆ" ಎಂದರು ಸರ್.

ಗೆಳೆಯರೇ, ನೋವು, ಚಡಪಡಿಕೆ ನಮ್ಮ ವೈರಿಗಳಲ್ಲ, ನಮ್ಮನ್ನು ಕೂಗಿ ಎಬ್ಬಿಸುವ ಕಾವಲುಗಾರರು. ಅವರ ಬಾಯಿ ಮುಚ್ಚಬಾರದು. ಕಾಲುವೆಯ ಪಂದ್ಯ ನಾನು ಬಿಟ್ಟಿದ್ದೇನೆ, ನೀವೂ ಬಿಡಿರಿ. ಇದನ್ನು ಗೋಡೆಗೆ ಹಚ್ಚುವ ಮೊದಲು ಅವ್ವನ ಮುಂದೆ ಓದಿದೆ. ಫಾರ್ಮಿನ ಸುಳ್ಳಿಗೆ ನನಗೂ ಮಾಮಾಗೂ ಸರಿಯಾಗಿ ಬೈದಳು. ಆಮೇಲೆ, "ಮುಂದಿನ ಸಲ ನೆಗಡಿ ಇರದಾಗ ಹೋಗೀಯಂತ" ಎಂದಳು.

– 9ನೇ ತರಗತಿಯ ವಿದ್ಯಾರ್ಥಿ